ಕೆನೆಬಣ್ಣದ ಬಾನೆಟ್ಟಿನ ಮೇಲಿನ ಕುಂಕುಮ

ರೇವತಿ, ನಿನ್ನ ಕಾರಿನ ಬಾನೆಟ್ಟಿನ ಮೇಲಿರುವ ಆ ಕೆಂಪು ಕಲೆ ಆಕಸ್ಮಿಕವಾಗಿ ಆದದ್ದಲ್ಲ. ಕಲೆಯಾಗಿ ಉಳಿಯಲಿ ಎಂದೇ ನಾನು ಅಲ್ಲಿ ಕುಂಕುಮ ಇಟ್ಟೆ. ಯಾವ ಕುಂಕುಮ ಇಟ್ಟರೆ ಹೋಗುವುದಿಲ್ಲ ಎಂದು ಗೊತ್ತಿದ್ದು, ಅದನ್ನೇ ಆರಿಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬೆಳ್ಳಿ ಭರಣಿಯಲ್ಲಿ ತುಂಬಿಕೊಂಡು ಬಂದಿದ್ದೆ. ನೀನು ನನ್ನ ಕೈ ಹಿಡಿದು ಕಾರಿನ ಮುಂದೆ ನಿಲ್ಲಿಸಿದಾಗ ನಗುನಗುತ್ತಲೇ ಇಟ್ಟೆ.

ಹೇಳಿಬಿಟ್ಟೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ನಾಲ್ಕು ವಾಕ್ಯದಲ್ಲಿ ಹೊರಗೆ ಬಂತು. ಆದರೆ ಅಷ್ಟೇ ಅಲ್ಲ – ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದರ ಸುಳಿವೂ ನಿನಗಿಲ್ಲ. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು. ಮಧ್ಯದಲ್ಲಿ ಎದ್ದು ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಮತ್ತೆ ಏನೋ ಒಂದು ಹೇಳಿ ತೇಲಿಸಿಬಿಡುತ್ತೇನೆ.

ಅಮೆರಿಕಕ್ಕೆ ಬಂದು ಐಸೆಲಿನ್‌ನಲ್ಲಿ ನಾವು ಮನೆ ಕೊಂಡಾಗ ಪಕ್ಕದ ಮನೆಯಲ್ಲಿದ್ದವರು ವಾಲ್ಟರ್. ಹೆಂಡತಿ ತೀರಿಕೊಂಡಿದ್ದರು, ಮಗ ಪೆನ್ಸಿಲ್ವೇನಿಯಾದಲ್ಲಿದ್ದ. ಮೊದಲ ಭಾನುವಾರ ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತು ಒಗ್ಗರಣೆ ಹಾಕುತ್ತಿದ್ದೆ. ಅವರ ಗ್ಯಾರೇಜಿನ ಬಾಗಿಲು ಮೇಲೆ ಹೋಯಿತು, ಒಳಗಿನಿಂದ ಆ ಕಾರು ಹಿಂದುಹಿಂದಕ್ಕೆ ಹೊರಗೆ ಬಂತು. ಮೊದಲು ಬಾಲ, ಆಮೇಲೆ ಬಾಲದಿಂದಲೇ ಮೇಲೇರಿಹೋಗುವ ಮಾಡು – ಡಿಕ್ಕಿ ಎಲ್ಲಿ ಮುಗಿಯಿತು, ಮಾಡು ಎಲ್ಲಿ ಶುರುವಾಯಿತು ಎಂದೇ ತಿಳಿಯದ ಹಾಗೆ ಒಂದೇ ಎಳೆತ. ಹಾಲು ಕಾಯಿಸಿಟ್ಟರೆ ಮೇಲೆ ಕಟ್ಟುವ ಕೆನೆಯ ಬಣ್ಣ. ಬಾಣಲೆಯಲ್ಲಿ ಸಾಸಿವೆ ಸೀದುಹೋಯಿತು, ನಿನ್ನ ಭಾವ ಓಡಿಬಂದು ಒಲೆ ಆರಿಸಿದರು.

ನಿನಗೆ ಅದು ಒಂದು ಚೆಂದದ ಹಳೆಯ ಕಾರು. ನನಗೆ – ಹೇಗೆ ಹೇಳಲಿ. ಅದರ ಹೆಸರು ಹೇಳಿದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದವರೂ ಹುಬ್ಬು ಗಂಟಿಕ್ಕುತ್ತಾರೆ. ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಪ್ರತಿ ಸಲವೂ ‘ಇದು ಯಾವ ಕಾರು’ ಎಂದು ಕೇಳುತ್ತಾನೆ ಎಂದು ನೀನೇ ನಗುತ್ತಿದ್ದೆಯಲ್ಲ. ನನಗೆ ಹುಚ್ಚು ಹಿಡಿಸಿದ್ದೇ ಅದು. ಹೆಸರಾದ ಹಳೆಯ ಕಾರುಗಳನ್ನು ಎಲ್ಲರೂ ಮೆಚ್ಚುತ್ತಾರೆ, ಅವುಗಳ ಚಿತ್ರ ಕಾಫಿ ಲೋಟದ ಮೇಲೂ ಇರುತ್ತದೆ. ಇದನ್ನು ಮಾಡಿದ ಕಂಪನಿ ದೊಡ್ಡವರ ಜೊತೆ ಪೈಪೋಟಿ ಮಾಡಲಾಗದೆ ಎಂದೋ ಮುಚ್ಚಿಹೋಯಿತು. ಮುಚ್ಚುವ ಮೊದಲು, ಹೇಗೂ ಮುಳುಗುತ್ತೇವೆ, ಚೆಂದವಾಗಿಯೇ ಮುಳುಗೋಣ ಎಂದುಕೊಂಡವರ ಹಾಗೆ ಇಂಥದ್ದೊಂದನ್ನು ಮಾಡಿತು. ಎರಡೇ ಬಾಗಿಲು, ಒಂದೊಂದೂ ಎಷ್ಟು ಉದ್ದವೆಂದರೆ ಅಂಗಡಿಯ ಪಾರ್ಕಿಂಗಿನಲ್ಲಿ ಪೂರ್ತಿ ತೆರೆಯಲಾಗುವುದಿಲ್ಲ. ಹಿಂದಿನ ಸೀಟಿಗೆ ಹೋಗಬೇಕಾದರೆ ಮೈ ಮಡಚಬೇಕು. ಕಿಟಕಿಗಳನ್ನು ಇಳಿಸಿದರೆ ನಡುವೆ ಕಂಬವೇ ಇಲ್ಲ, ಒಂದು ಪಕ್ಕ ಇಡೀ ತೆರೆದ ಜಗಲಿ. ಓಡದ ಗಡಿಯಾರ. ಸಂಸಾರಸ್ಥರಿಗೆ ಆಗಿಬರುವ ಕಾರೇ ಅಲ್ಲ ಅದು. ನಾನಾದರೋ ಮಕ್ಕಳನ್ನು ಸಾಕರ್‌ಗೆ ಬಿಡಲು ಮಿನಿವ್ಯಾನ್, ಆಸ್ಪತ್ರೆಯ ಲ್ಯಾಬಿಗೆ ಹೋಗಲು ಬೂದುಬಣ್ಣದ ನಾಲ್ಕು ಬಾಗಿಲಿನದು – ಇಷ್ಟನ್ನೇ ಓಡಿಸಿಕೊಂಡು ಬಂದವಳು. ಪಾರ್ಕ್‌ವೇ ಹೆದ್ದಾರಿಯಲ್ಲಿ ಸಾವಿರ ಬೂದು ಕಾರುಗಳ ನಡುವೆ ನಿಂತಾಗ ನಾನು ಮನಸ್ಸಿನಲ್ಲಿ ಓಡಿಸುತ್ತಿದ್ದುದು ಆ ಕೆನೆಬಣ್ಣದ್ದನ್ನು.

ವಾಲ್ಟರ್‌ಗೆ ನನ್ನ ಹುಚ್ಚು ಬೇಗ ಗೊತ್ತಾಯಿತು. ಭಾನುವಾರ ಅವರು ಕಾರು ಒರೆಸುವಾಗ ನಾನು ಬೇಲಿಯ ಬಳಿ ನಿಲ್ಲುತ್ತಿದ್ದೆ. ಬನ್ನಿ, ಕೂತು ನೋಡಿ ಎಂದು ಕರೆದರು, ಕೂತೆ. ಚಳಿಯಲ್ಲಿ ಅದನ್ನು ಹೇಗೆ ಎಬ್ಬಿಸಬೇಕು, ಪೆಡಲನ್ನು ಎಷ್ಟು ಒತ್ತಿ ಎಲ್ಲಿ ಬಿಡಬೇಕು ಎಂದೆಲ್ಲ ಹೇಳಿಕೊಟ್ಟರು. ಲೈಬ್ರರಿಯಿಂದ ಹಳೆಯ ಕಾರುಗಳ ಪುಸ್ತಕ ತಂದು ಓದಿ ನಾನು ಪ್ರಶ್ನೆ ಕೇಳಿದರೆ ಅವರಿಗೆ ಖುಷಿ. “ನಿನ್ನ ಕಣ್ಣು ಆ ಮುದುಕರ ಮೇಲೋ, ಕಾರಿನ ಮೇಲೋ?” ಎಂದು ನಿನ್ನ ಭಾವ ಗೇಲಿ ಮಾಡುತ್ತಿದ್ದರು. ಆದರೆ ಓಡಿಸಲಾ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನಾನಾಗಿ ಏನನ್ನೂ ಕೇಳುವವಳಲ್ಲ ನಾನು, ನಿನಗೆ ಗೊತ್ತು.

ಒಂದು ಸಲ ನಾವು ಹೊಸ ಬಿಳಿ ಕಾರು ಕೊಂಡು ದೇವಸ್ಥಾನದಲ್ಲಿ ಪೂಜೆ ಮಾಡಿಸಿದೆವು. ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಪ್ಯಾಕೆಟ್ಟಿನ ಕುಂಕುಮ, ರಕ್ತದಂಥ ಕೆಂಪು, ಬೆರಳಿಗೆ ಅಂಟಿದರೆ ನಾಲ್ಕು ದಿನ ಹೋಗದು. ವಾರ ಬಿಟ್ಟು ಒರೆಸಿದರೆ ಬಾನೆಟ್ಟಿನ ಮೇಲೆ ಗುಲಾಬಿ ಕಲೆ. ವಾಲ್ಟರ್ ಅದೇನೋ ಪೇಸ್ಟು ತಂದು, ಇಡೀ ಮಧ್ಯಾಹ್ನ ಉಜ್ಜಿ ತೆಗೆದುಕೊಟ್ಟರು. ನಿಮ್ಮ ಕಾರಿಗೆ ಬಣ್ಣದ ಮೇಲೆ ಗಾಜಿನಂಥ ಇನ್ನೊಂದು ಪದರ ಬಳಿದಿರುತ್ತಾರೆ, ಅದಕ್ಕೇ ಬಚಾವಾದಿರಿ ಎಂದರು. ನನ್ನದಕ್ಕೆ ಆ ಪದರವಿಲ್ಲ, ಬರೀ ಬಣ್ಣ, ಈ ಪುಡಿ ಬಿದ್ದರೆ ಅದು ಕುಡಿದುಬಿಡುತ್ತದೆ, ಉಜ್ಜಿದರೆ ಬಣ್ಣವೇ ಬರುತ್ತದೆ ಎಂದರು. ಹಕ್ಕಿ ಹಿಕ್ಕೆ ಹಾಕಿದರೂ ಅವರು ಓಡಿಬಂದು ಒರೆಸುವುದು ಯಾಕೆಂದು ನನಗೆ ಅವತ್ತು ತಿಳಿಯಿತು. ಫ್ಯಾಕ್ಟರಿಯಲ್ಲಿ ಬಳಿದ ಬಣ್ಣವೇ ಇನ್ನೂ ಇರುವ ಇಂಥ ಕಾರು ಇನ್ನೆಷ್ಟು ಉಳಿದಿವೆಯೋ ಎಂದು ಅವರು ಬಾನೆಟ್ಟಿನ ಮೇಲೆ ಕೈ ಇಟ್ಟು ಹೇಳಿದ್ದರು.

ಇನ್ನೊಂದು ಭಾನುವಾರ, ನಾನು ಅವರ ಮೆಟ್ಟಿಲ ಮೇಲೆ ಕೂತು ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದಾಗ – ಇದನ್ನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ – ವಾಲ್ಟರ್ ಕೇಳಿದರು. ಮಗನಿಗೆ ಇದರ ಮೇಲೆ ಆಸೆ ಇಲ್ಲ, ಮುಂದೊಂದು ದಿನ ನಿಮಗೆ ಬೇಕಾ?

“ಓ ನೋ, ನೋ!” ಎಂದೆ ನಾನು, ಕೈಯನ್ನೂ ಅಲ್ಲಾಡಿಸಿ.

ರೇವತಿ, ನಮ್ಮ ಕಡೆ ಮದುವೆಯೂಟದಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ? ಬೇಡ ಬೇಡ ಎನ್ನುತ್ತೇವೆ, ಬಡಿಸುವವರು ಬೆರಳ ಸಂದಿಯಿಂದ ಹಾಕಿಯೇ ಹಾಕುತ್ತಾರೆ. ಹಾಕದೆ ಮುಂದೆ ಹೋದರೆ ಆಮೇಲೆ ಒಂದು ವರ್ಷ ಆ ಮದುವೆಯನ್ನು ಆಡಿಕೊಳ್ಳುತ್ತೇವೆ. ನಾನು ಹಿಡಿದದ್ದು ಅಂಥ ಕೈ. ವಾಲ್ಟರ್ ತಲೆಯಾಡಿಸಿ “ಫೇರ್ ಇನಫ್” ಎಂದರು, ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ಇಷ್ಟು ವರ್ಷ ಈ ದೇಶದಲ್ಲಿದ್ದು ನನಗೆ ಅಷ್ಟು ತಿಳಿಯಬಾರದೆ – ಇಲ್ಲಿಯವರ ಬಳಿ ಬೇಡ ಎಂದರೆ ಬೇಡ ಎಂದೇ ಅರ್ಥ. ತಿಳಿದಿತ್ತು, ಆದರೂ ಬಾಯಿಗೆ ಬಂದದ್ದು ಅದೇ. ಆಮೇಲೆ ನಾನು ಕಾದೆ. ಅವರ ಮನೆ ಮುಂದಿನ ಹಿಮ ನಮ್ಮ ಹುಡುಗರ ಕೈಲಿ ಎತ್ತಿಸಿದೆ, ಹಬ್ಬಕ್ಕೆ ಚಿತ್ರಾನ್ನ ಕೊಟ್ಟುಬಂದೆ, ಇನ್ನೊಂದು ಸಲ ಕೇಳಲಿ ಎಂದು. ಒಂದು ಸಲ, ಬರೀ ಒಂದು ಸಲ ಬಲವಂತ ಮಾಡಿದ್ದರೆ ಸಾಕಿತ್ತು.

ಆಗ ನೀನು ಬಂದೆ.

ನೀನು ನನ್ನ ಚಿಕ್ಕಮ್ಮನ ಮಗಳು. ಒಡಹುಟ್ಟಿದ ತಂಗಿ ಇಲ್ಲದ ನನಗೆ ನೀನೇ ತಂಗಿ. ನೀನೂ ಪಕ್ಕದ ವುಡ್‌ಬ್ರಿಡ್ಜ್‌ಗೇ ಬರುತ್ತೀಯೆಂದು ಗೊತ್ತಾದಾಗ ನಾನು ಕುಣಿದಾಡಿದ್ದು ಸುಳ್ಳಲ್ಲ. ಮೊದಲ ಸಲ ನೀನು ನಮ್ಮನೆಗೆ ಊಟಕ್ಕೆ ಬಂದ ದಿನವೇ ಪಕ್ಕದ ಗ್ಯಾರೇಜು ತೆರೆದದ್ದು ನೋಡಿದೆ. “ಅಯ್ಯೋ ಅಕ್ಕ, ಎಷ್ಟು ಚೆನ್ನಾಗಿದೆ ಆ ಕಾರು!” ಎಂದು ಸೀರೆಯಲ್ಲೇ ಹುಲ್ಲು ದಾಟಿ ಹೋದೆ. ಹೋದವಳೇ ‘ನಾನು ಓಡಿಸಲಾ?’ ಎಂದು ನೀನು ಕೇಳಿಬಿಟ್ಟೆ. ವಾಲ್ಟರ್ ನಗುತ್ತ ಕೀ ಕೊಟ್ಟರು. ನಾನು ಹಪ್ಪಳದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀನು ಕಿಟಕಿ ಇಳಿಸಿಕೊಂಡು, ಸೆರಗು ಹಾರಿಸಿಕೊಂಡು ನನ್ನ ಮುಂದೆಯೇ ಹಾದುಹೋದೆ. ಹಾರ್ನ್ ಬೇರೆ ಮಾಡಿದೆ.

ಹೊಟ್ಟೆ ಉರಿಯಿತು. ಸುತ್ತುಬಳಸಿ ಹೇಳಿ ಪ್ರಯೋಜನವಿಲ್ಲ, ಉರಿಯಿತು. ಬರೀ ಕಾರಿಗಾಗಿ ಅಲ್ಲ. ಮೈಸೂರಿನಲ್ಲಿ ಅಜ್ಜಿಯ ಮನೆಯಲ್ಲೂ ಹೀಗೇ ಆಗುತ್ತಿತ್ತು. ಅಜ್ಜಿಯ ಜಡೆಬಿಲ್ಲೆ ಬೇಕು ಎಂದು ನೀನು ಕೇಳಿದೆ, ನಿನಗೆ ಸಿಕ್ಕಿತು. ನಾನು ಬೇಡ ಎಂದೆ, ‘ಎಷ್ಟು ಒಳ್ಳೆಯ ಹುಡುಗಿ’ ಎಂಬ ಹೊಗಳಿಕೆ ಸಿಕ್ಕಿತು. ಆ ಹೊಗಳಿಕೆಯನ್ನು ಜಡೆಗೆ ಮುಡಿಯಲಾಗುತ್ತದೆಯೇ? ಕೇಳಿದರೆ ಸಿಗುತ್ತದೆ ಎಂಬ ಧೈರ್ಯ ನಿನಗೆ ಹುಟ್ಟಿನಿಂದಲೇ ಇತ್ತು. ಅದರ ಮೇಲೆ ನನಗೆ ಇದ್ದ ಅಸೂಯೆಗೂ ಅಷ್ಟೇ ವಯಸ್ಸು.

ಆಮೇಲೆ ನೀನು ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದರೂ ಅರ್ಧ ಹೊತ್ತು ಆ ಗ್ಯಾರೇಜಿನಲ್ಲಿ. ಬೇಸಿಗೆ ಶುರುವಾಗುವ ಹೊತ್ತಿಗೆ ವಾಲ್ಟರ್ ನಿನ್ನನ್ನೂ ಅದೇ ಪ್ರಶ್ನೆ ಕೇಳಿದರು. ಅವರು ವಾಕ್ಯ ಮುಗಿಸುವ ಮೊದಲೇ ನೀನು ಯೆಸ್ ಎಂದು ಅವರ ಕೆನ್ನೆಗೆ ಮುತ್ತಿಟ್ಟೆಯಂತೆ. ಓಡಿಬಂದು ಮೊದಲು ಹೇಳಿದ್ದು ನನಗೆ. “ಅಕ್ಕ, ಕಾರು ನಂಗೇ ಕೊಟ್ರು! ನಂಬ್ತೀಯಾ?” ನಾನು ನಿನ್ನನ್ನು ಅಪ್ಪಿಕೊಂಡು ಕೇಸರಿಬಾತ್ ಮಾಡಿದೆ. ತಿರುವುತ್ತ ತಿರುವುತ್ತ ಅತ್ತೆ. ದ್ರಾಕ್ಷಿ ಹುರಿಯುವ ಹೊಗೆ ಕಣ್ಣಿಗೆ ಹೋಯಿತು ಎಂದೆ, ನೀನು ನಂಬಿದೆ.

ಅವರು ನಿನ್ನಿಂದ ಕೇಳಿದ್ದು ಒಂದೇ ಮಾತು – ಬಣ್ಣ ಈಗ ಹೇಗಿದೆಯೋ ಹಾಗೇ ಉಳಿಸಿಕೋ. ನೀನು ಅವರ ಕೈ ಹಿಡಿದು ಒಪ್ಪಿಕೊಂಡೆ. ಕುಂಕುಮದ ವಿಷಯ ಅವರು ನಿನಗೆ ಹೇಳಲಿಲ್ಲ. ನನ್ನಂತೆ ನಿನಗೂ ಅದು ಗೊತ್ತಿರುತ್ತದೆ, ಅಥವಾ ನಾನು ಹೇಳಿಯೇ ಇರುತ್ತೇನೆ ಎಂದುಕೊಂಡಿರಬೇಕು. ನಾನು ಹೇಳಲಿಲ್ಲ. ಶುಕ್ರವಾರ ದೇವಸ್ಥಾನದಲ್ಲಿ ಪೂಜೆ ಮಾಡಿಸುತ್ತೇನೆ ಎಂದು ನೀನು ಫೋನ್ ಮಾಡಿದಾಗ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಮ್ಮ ಮನೆಯಲ್ಲಿ ಎರಡು ಕುಂಕುಮವಿತ್ತು. ಒಂದು, ಅಮ್ಮ ಮೈಸೂರಿನಿಂದ ಕಳಿಸಿದ್ದು, ಅರಿಸಿನದಿಂದ ಮಾಡಿದ್ದು, ಮಂಕು ಬಣ್ಣ, ಉಫ್ ಎಂದರೆ ಉದುರುತ್ತದೆ. ಇನ್ನೊಂದು ಆ ಪ್ಯಾಕೆಟ್ಟಿನದು. ದೇವರ ಮುಂದೆ ನಿಂತು ನಾನು ಪ್ಯಾಕೆಟ್ಟಿನದನ್ನು ಭರಣಿಗೆ ಸುರಿದೆ, ಎಣ್ಣೆ ಹಾಕಿದೆ. ಹಿಂಜರಿಯಲಿಲ್ಲ. ಹಿಂಜರಿದಿದ್ದರೆ ಇವತ್ತು ಅದನ್ನಾದರೂ ಬರೆಯಬಹುದಿತ್ತು.

ಪೂಜಾರಿಗಳು ಮಂತ್ರ ಹೇಳಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಮುತ್ತೈದೆಯರು ಯಾರಾದರೂ ಬನ್ನಿ ಎಂದಾಗ ನೀನು ನನ್ನ ಕೈ ಹಿಡಿದೆಳೆದೆ. “ಅಕ್ಕಾನೇ ಫಸ್ಟ್ ಇಡಬೇಕು. ಅಕ್ಕನ ಮನೆಯಿಂದ ಬಂದಿರೋ ಕಾರಿದು.” ನಾನು ಭರಣಿ ತೆಗೆದು, ಹೆಬ್ಬೆರಳು ಅದ್ದಿ, ಬಾನೆಟ್ಟಿನ ನಟ್ಟನಡುವೆ ದೊಡ್ಡ ಬೊಟ್ಟು ಇಟ್ಟೆ. ಮೇಲೆ ಇನ್ನೊಂದಿಷ್ಟು ಹಚ್ಚಿದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಎಣ್ಣೆ ಕರಗಿ ಒಂದು ಎಳೆ ಕೆಳಕ್ಕೆ ಇಳಿಯಿತು. ನಿನಗೂ ಒಂದು ಕ್ಷಣ ಏನೋ ಅನಿಸಿತು, ಸೆರಗಿನ ತುದಿ ಹಿಡಿದು ಬಗ್ಗಿದೆ.

“ಒರೆಸಬೇಡ ಕಣೆ,” ಎಂದೆ ನಾನು. “ಕುಂಕುಮ ಒರೆಸಬಾರದು. ತಾನಾಗೇ ಹೋಗತ್ತೆ.”

ಸೆರಗು ಬಿಟ್ಟೆ ನೀನು. ನಾನು ಹೇಳಿದ ಮೇಲೆ ನೀನು ಒರೆಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಬೇರೆ ಏನು ಚೆಲ್ಲಿದ್ದರೂ ಯಾರಾದರೂ ಬೈಯುತ್ತಿದ್ದರು. ಕುಂಕುಮ ಇಟ್ಟವಳನ್ನು ಯಾರು ಬೈಯುತ್ತಾರೆ? ನೀನು ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದೆ, ನಾನು ತಲೆ ಮುಟ್ಟಿ ಆಶೀರ್ವಾದ ಮಾಡಿದೆ.

ವಾರವಿಡೀ ಉರಿಬಿಸಿಲು, ಕಾರು ನಿನ್ನ ಮನೆಯ ಮುಂದೆ ನಿಂತಿತ್ತು. ಮುಂದಿನ ಭಾನುವಾರ ಹಳೆಯ ಕಾರುಗಳವರೆಲ್ಲ ಸೇರುವ ಕಡೆಗೆ ನೀನು ವಾಲ್ಟರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕಿತ್ತು. ಅವರು ಹೊಸ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕಾದಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೀನು ಬಂದೆ. ಅವರು ಬಾನೆಟ್ಟಿನ ಮುಂದೆ ನಿಂತರು, ಕುಂಕುಮದ ಕಲೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಇವತ್ತು ಮೈ ಸರಿಯಿಲ್ಲ ಎಂದು ಹೇಳಿ ಒಳಗೆ ಹೋದರು. ನೀನು ಒಬ್ಬಳೇ ಹೋದೆ. ಆಗಲೂ ನನಗೆ ಒಳಗೆಲ್ಲೋ ತಣ್ಣಗಾಯಿತು, ಅದನ್ನೂ ಬಚ್ಚಿಡುವುದಿಲ್ಲ.

ಆ ಪೂಜೆ, ಆ ಭಾನುವಾರ ನಿನಗೆ ಗೊತ್ತಿರುವುದೇ, ಕುಂಕುಮವನ್ನು ನಾನು ಬೇಕೆಂದೇ ಇಟ್ಟೆ ಎಂಬುದೊಂದು ಬಿಟ್ಟು. ಗೊತ್ತಿಲ್ಲದ್ದು ಇದು.

ಮಾರನೆಯ ದಿನ ಸಂಜೆ ನಾನು ಹಿತ್ತಲಲ್ಲಿ ಟೊಮೆಟೊ ಕೀಳುತ್ತಿದ್ದೆ. ವಾಲ್ಟರ್ ಬೇಲಿಯ ಹತ್ತಿರ ಬಂದರು. ಕೋಪವಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದರು: ಆ ಪುಡಿ ನನ್ನ ಬಣ್ಣಕ್ಕೆ ಏನು ಮಾಡುತ್ತದೆ ಎಂದು ಅವತ್ತು ನಿಮಗೆ ಹೇಳಿದ್ದೆ. ನೀವು ಅವಳಿಗೆ ಹೇಳಿದ್ದಿರಾ?

ಹೇಳಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮರೆತೆ ಎಂಬ ಸುಳ್ಳಾದರೂ ಸಾಕಿತ್ತು. ನಾನು –

“ಐ ಟೋಲ್ಡ್ ಹರ್,” ಎಂದೆ.

ಹೇಳಿದ್ದೆ ಎಂದೆ, ರೇವತಿ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ನೀನು ಲೆಕ್ಕಿಸಲಿಲ್ಲ ಎಂದು ಅವರು ತಿಳಿಯಲಿ ಎಂದೇ ಹೇಳಿದೆ. ಹಾಗಾದರೆ ಸರಿ, ಕಾರು ಈಗ ಅವಳದು ಎಂದು ಹೇಳಿ ಹೋದರು. ಆ ಬೇಲಿಯ ಬಳಿಗೆ ಅವರು ಮತ್ತೆ ಬರಲಿಲ್ಲ. ನನ್ನ ಮೇಲೆ ಸಂಶಯವಿತ್ತೋ ಇಲ್ಲವೋ, ಅದೂ ನನಗೆ ತಿಳಿಯಲಿಲ್ಲ.

ನೀನು ಫೋನ್ ಮಾಡಿದರೆ ಕೆಲಸವಿದೆ ಎನ್ನುತ್ತಿದ್ದರು. ಬಾಗಿಲು ತಟ್ಟಿದರೆ ಎರಡು ಮಾತಾಡಿ ಕಳಿಸುತ್ತಿದ್ದರು. ಎಲೆ ಉದುರುವ ಹೊತ್ತಿಗೆ ಮನೆ ಮಾರಿ ಮಗನ ಹತ್ತಿರ ಹೋದರು, ಮರು ವರ್ಷ ತೀರಿಕೊಂಡರು. ನೀನು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತೆ. “ಏನು ತಪ್ಪು ಮಾಡಿದೆ ಅಕ್ಕ ನಾನು? ಪೂಜೆ ಮಾಡ್ಸಿದ್ದು ತಪ್ಪಾ?” ಆಮೇಲೆ ಮೆಲ್ಲಗೆ ನೀನೇ ಒಂದು ಉತ್ತರ ಕಂಡುಕೊಂಡೆ. ಎಷ್ಟೇ ಒಳ್ಳೆಯವರಾದರೂ ನಮ್ಮ ದೇವರು ದಿಂಡರು ಎಂದರೆ ಈ ಜನಕ್ಕೆ ಆಗುವುದಿಲ್ಲ, ಕುಂಕುಮ ನೋಡಿ ಅಸಹ್ಯಪಟ್ಟುಕೊಂಡರು ಎಂದು. ಮನೆಗೆ ಬಂದವರಿಗೆಲ್ಲ ಅದನ್ನು ಹೇಳುತ್ತೀಯ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟಿದ್ದೇನೆ. ಇಡೀ ಮಧ್ಯಾಹ್ನ ನಮ್ಮ ಕಾರಿನ ಕುಂಕುಮವನ್ನು ಬಗ್ಗಿ ನಿಂತು ಉಜ್ಜಿಕೊಟ್ಟ ಮನುಷ್ಯನ ಬಗ್ಗೆ ಆ ಮಾತು ಕೇಳಿಕೊಂಡು ಕೋಡುಬಳೆ ತಿಂದಿದ್ದೇನೆ. ನೀನು ಕೊಟ್ಟ ಮಾತು ಮುರಿದೆ ಎಂದುಕೊಂಡು ಅವರು ಹೋದರು. ಅವರಿಗೆ ನಮ್ಮನ್ನು ಕಂಡರೆ ಆಗದು ಎಂದುಕೊಂಡು ನೀನು ಉಳಿದೆ. ಎರಡೂ ನಿಜವಲ್ಲ. ಎರಡೂ ನನ್ನ ಕೆಲಸ.

ಆ ಕಲೆಯನ್ನಾದರೂ ತೆಗೆಸಿದೆಯಾ? ಅಷ್ಟು ಜಾಗಕ್ಕೆ ಹೊಸ ಬಣ್ಣ ಹೊಡೆದುಕೊಡುತ್ತೇನೆ ಎಂದು ರಿಪೇರಿಯವನು ಹೇಳಿದರೂ ನೀನು ಬೇಡ ಎಂದೆ. ವಾಲ್ಟರ್‌ಗೆ ಮಾತು ಕೊಟ್ಟಿದ್ದೇನೆ, ಬಣ್ಣ ಮುಟ್ಟಿಸುವುದಿಲ್ಲ ಎಂದೆ. ಕಾರು ತೊಳೆಯುವಾಗ ಆ ಜಾಗ ಬಂದರೆ ಬಟ್ಟೆ ಬಿಟ್ಟು ಬರೀ ನೀರು ಹಾಕುತ್ತೀಯ. “ಅಲ್ಲಿ ಉಜ್ಜಬೇಡಿ, ಅದು ನಮ್ಮ ಅಕ್ಕ ಇಟ್ಟ ಕುಂಕುಮ” ಎಂದು ಎಲ್ಲರಿಗೂ ತೋರಿಸುತ್ತೀಯ. ಪ್ರತಿ ಸಲ ನೀನು ಹಾಗೆ ಹೇಳಿದಾಗ ನನಗೆ ಹೇಗಾಗುತ್ತಿತ್ತು ಎಂದರೆ – ಬೇಡ, ಅದು ನನ್ನ ಪಾಡು.

ಹೋದ ವಾರ ನೀನು ಫೋನ್ ಮಾಡಿದೆ. ಮಗಳಿಗೆ ಹತ್ತಿರವಾಗಲಿ ಎಂದು ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೀಯ, ಅಲ್ಲಿ ಇದನ್ನು ನಿಲ್ಲಿಸಲು ಜಾಗವಿಲ್ಲ.

“ಕಾರು ನಿಂಗೇ, ಅಕ್ಕ.”

“ಅಯ್ಯೋ, ಬೇಡ ಕಣೆ,” ಎಂದೆ. ಅದೇ ಬೇಡ.

“ಸುಮ್ನಿರೇ. ನಿನ್ನ ಬೇಡ ನಂಗೆ ಗೊತ್ತಿಲ್ವಾ? ನೀನು ಹತ್ತು ಸಲ ಬೇಡ ಅಂದ್ರೂ ನಾನು ಬಿಡಲ್ಲ. ಶನಿವಾರ ತಂದು ನಿಲ್ಲಿಸ್ತೀನಿ. ನಿನ್ನ ಕುಂಕುಮ ನಿನ್ನ ಮನೆಗೇ ಬರ್ಲಿ.”

ನಾಚಿಕೆ ಬಿಟ್ಟು ಹೇಳುತ್ತೇನೆ: ಮೊದಲು ನನಗೆ ಆದದ್ದು ಸಂತೋಷವೇ. ಫೋನ್ ಇಟ್ಟವಳೇ ಗ್ಯಾರೇಜಿಗೆ ಹೋಗಿ ಹಳೆಯ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿದೆ. ಅಷ್ಟುದ್ದದ ಬಾಗಿಲು ತೆರೆಯಲು ಜಾಗ ಸಾಲುತ್ತದೆಯೇ ಎಂದು ಕೈ ಚಾಚಿ ನೋಡಿದೆ. ಕೊನೆಗೂ, ಎಂದು ಬಾಯಿಬಿಟ್ಟು ಅಂದೆ. ಇಷ್ಟು ವರ್ಷದಲ್ಲಿ ನನ್ನ ಬೇಡದ ಅರ್ಥ ತಿಳಿದು ಬಲವಂತ ಮಾಡಿದವಳು ನೀನೊಬ್ಬಳೇ, ಅದು ಆಮೇಲೆ ಹೊಳೆಯಿತು. ಅಲ್ಲೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದು ನನಗೆ ಗೊತ್ತು. ವಾಲ್ಟರ್‌ರ ಮಗನ ನಂಬರ್ ನನ್ನ ಹತ್ತಿರವಿದೆ, ನಾಳೆ ಅವನಿಗೆ ಫೋನ್ ಮಾಡಿ ಹೇಳುತ್ತೇನೆ – ರೇವತಿಗೆ ಗೊತ್ತಿರಲಿಲ್ಲ, ನಾನು ನಿಮ್ಮಪ್ಪನಿಗೆ ಸುಳ್ಳು ಹೇಳಿದೆ ಎಂದು. ಕೇಳಬೇಕಾದವರು ಇಲ್ಲ, ಆದರೂ ಹೇಳುತ್ತೇನೆ. ನೀನು ಇನ್ನು ಮೇಲೆ ಅದನ್ನು ಅಕ್ಕನ ಕುಂಕುಮ ಎಂದು ಯಾರಿಗೂ ತೋರಿಸಬೇಡ. ಆ ಕಾರನ್ನು, ಬೇಕಾ ಎಂದು ಕೇಳಿದರೆ ಬೇಕು ಎಂದು ತಟ್ಟನೆ ಹೇಳುವ ಯಾರಿಗಾದರೂ ಕೊಡು.

ನನಗೆ ಬೇಡ, ರೇವತಿ. ಈ ಸಲ ಬಲವಂತ ಮಾಡಬೇಡ.